ಹಾಯಿಯ ಮೂರನೆಯ ಸಾಲು

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನ್ನದು ಶಾಮಿಯಾನ, ಟಾರ್ಪಾಲಿನ್ ಹೊಲಿಯುವ ಅಂಗಡಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೊಂದು ನನಗೆ ಬರುವುದಿಲ್ಲ.

ಹಾಗಾಗಿ ಸಿ.ವಿ. ರಾಮನ್ ನಗರದ ಆ ಮೇಡಂ ದೋಣಿಯ ಹಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದಾಗ, ಅಂಥವನ್ನು ಎಷ್ಟೋ ಹೊಲಿದವನಂತೆ ತಲೆಯಾಡಿಸಿದೆ. ಕೆಲಸದಿಂದ ನಿವೃತ್ತರಾದ ಮೇಲೆ ಅವರೂ ಅವರ ತಂಗಿಯೂ ಸೇರಿ ಕೊಚ್ಚಿಯಲ್ಲಿ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದರು. ಗಾಳಿ ಜೋರಾದರೆ ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಭಾಗವನ್ನು ಮಡಚಿ ಕಟ್ಟಿ ಚಿಕ್ಕದು ಮಾಡಬೇಕಂತೆ. ಇಲ್ಲದಿದ್ದರೆ ದೋಣಿ ಕೈಮೀರುತ್ತದೆ. ಅದಕ್ಕೆಂದೇ ಹಾಯಿಗೆ ಅಡ್ಡಲಾಗಿ, ಹಗ್ಗ ತೂರಿಸುವ ಹಿತ್ತಾಳೆ ಕಣ್ಣುಗಳ ಎರಡು ಸಾಲು ಇದ್ದವು. ಬಿರುಗಾಳಿಗೆ ಅವುಗಳ ಮೇಲೆ ಮೂರನೆಯ ಸಾಲು ಬೇಕಿತ್ತು.

"ನಡುವಿನ ಕಣ್ಣುಗಳು ಮಡಚಿದ ಬಟ್ಟೆ ಹಾರದೆ ಇರೋಕೆ ಅಷ್ಟೇ. ಎಳೆತ ಎಲ್ಲಾ ಈ ಎರಡು ತುದಿ ಮೇಲೇ ಬೀಳುತ್ತೆ. ಅಲ್ಲಿ ಐದು ಪದರ ಬಟ್ಟೆ ಹಾಕ್ಬೇಕು ನೀವು."

"ಹಾಕ್ತೀನಿ ಮೇಡಂ. ನಿಮಗ್ಯಾಕೆ ಯೋಚ್ನೆ."

ಹಾಕಲಿಲ್ಲ. ಮದುವೆಗಳ ಕಾಲ, ಕಮ್ಮನಹಳ್ಳಿಗೆ ಹೋಗಬೇಕಿದ್ದ ಶಾಮಿಯಾನ ಅರ್ಧಕ್ಕೇ ನಿಂತಿತ್ತು. ಐದು ಪದರಕ್ಕೆ ಮಿಷಿನ್ನಿನ ಸೂಜಿ ಮುರಿಯಿತು. ಕೈಯಲ್ಲಿ ಹೊಲಿಯಬಹುದಿತ್ತು, ಒಂದು ದಿನದ ಕೆಲಸ. ಶಾಮಿಯಾನಕ್ಕೆ ಎರಡು ಪದರ ಸಾಕು, ಏಕೆಂದರೆ ಅದರಲ್ಲಿ ಎಲ್ಲ ಕಣ್ಣುಗಳೂ ಭಾರ ಹಂಚಿಕೊಳ್ಳುತ್ತವೆ. ಹಾಯಿಗೂ ಸಾಕು ಎಂದು ನನಗೆ ನಾನೇ ಹೇಳಿಕೊಂಡು, ಎರಡೇ ಹಾಕಿ, ಅಂಚು ಮುಚ್ಚಿ ಅಂದವಾಗಿ ಹೊಲಿದೆ. ಮೇಡಂ ಹೊಲಿಗೆಯ ಮೇಲೆ ಬೆರಳಾಡಿಸಿ "ಎಷ್ಟು ನೀಟಾಗಿದೆ" ಅಂದರು. ನನಗೆ ಖುಷಿಯಾಯಿತು, ಹೇಳಲು ನಾಚಿಕೆ.

ಕೆಲವು ತಿಂಗಳ ನಂತರ ಅದೇ ಹಾಯಿಯೊಂದಿಗೆ ಬಂದರು. ಸಮುದ್ರದಲ್ಲಿ ಗಾಳಿ ಎದ್ದಾಗ ಅಕ್ಕತಂಗಿ ಹಾಯಿಯನ್ನು ಮೂರನೆಯ ಸಾಲಿನವರೆಗೆ ಇಳಿಸಿ ಕಟ್ಟಿದ್ದಾರೆ. ಹಿಂದಿನ ತುದಿಯ ಕಣ್ಣು ಬಟ್ಟೆಸಮೇತ ಕಿತ್ತುಬಂದಿದೆ. ಹಾಯಿಯ ಬುಡದ ಅಡ್ಡದಂಡ ಕುಸಿದು ತಂಗಿಯ ಭುಜಕ್ಕೆ ಬಡಿದಿದೆ.

"ನಾನೇ ಹಗ್ಗ ಜಾಸ್ತಿ ಎಳೆದ್ಬಿಟ್ಟೆ. ಅವಳಿಗೆ ಇವತ್ತಿಗೂ ಕೈ ಮೇಲೆತ್ತೋಕಾಗಲ್ಲ, ತಲೆ ನಾನೇ ಬಾಚ್ತೀನಿ. ದೋಣಿ ಮಾರ್ತಾ ಇದ್ದೀವಿ. ತಗೊಳ್ಳೋರು ಇದನ್ನ ರಿಪೇರಿ ಮಾಡಿಸ್ಕೊಡಿ ಅಂದ್ರು. ಅಷ್ಟು ಚೆನ್ನಾಗಿ ಹೊಲಿದಿದ್ರಿ ನೀವು, ಹಾಳ್ಮಾಡ್ಬಿಟ್ಟೆ. ಸಾರಿ."

ಕಿತ್ತ ಜಾಗದಲ್ಲಿ ಎರಡು ಪದರಗಳು ಬಾಯಿಬಿಟ್ಟುಕೊಂಡಿದ್ದವು. ಅವನ್ನು ಎಣಿಸಬೇಕೆಂದು ಅವರಿಗೆ ತೋಚಲೇ ಇಲ್ಲ, ಅಷ್ಟು ನಂಬಿಕೆ ನನ್ನ ಮೇಲೆ. ನಾನು ಆ ತುದಿಯನ್ನು ಒಳಗೆ ಮಡಚಿ, ಹಾಯಿಯನ್ನು ಬೆಂಚಿನ ಕೆಳಗೆ ತಳ್ಳಿದೆ.

ಆಮೇಲೆ ಐದು ಪದರ ಹಾಕಿ, ಕೈಯಲ್ಲೇ ಹೊಲಿದುಕೊಟ್ಟೆನೆನ್ನಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಪದರ ಕದ್ದದ್ದಕ್ಕಿಂತ ಹೆಚ್ಚಾಗಿ ಅಂದು ಆಡಿದ ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ನಿಜ ಹೇಳಲೆಂದೇ ಬಾಯಿ ತೆರೆದಿದ್ದೆ.

"ಹೋಗ್ಲಿ ಬಿಡಿ ಮೇಡಂ," ಅಂದೆ. "ತಪ್ಪು ಎಲ್ಲರಿಗೂ ಆಗುತ್ತೆ."

ಅವರು ನನಗೆ ಕೈಮುಗಿದು ಹೋದರು.