ಆಜಿ ಹೇಳಿದ್ದು

ಇವತ್ತು ಪಕ್ಕದ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸುತ್ತಿದ್ದರು. ಆ ವಾಸನೆಗೆ ಖಾನಾಪುರದ ನಮ್ಮ ಬಾಡಿಗೆ ಮನೆ ನೆನಪಾಯಿತು.

ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ, ಮನೆ ಮಾಲಕಿ ಆಜಿಗೆ ಕನ್ನಡ ಬರುತ್ತಿರಲಿಲ್ಲ. ಓಣಿಯಲ್ಲಿ ಆಡುತ್ತ ನಾಲ್ಕು ಮರಾಠಿ ಮಾತು ಕಲಿತಿದ್ದ ನಾನೇ ಇಬ್ಬರ ದುಭಾಷಿ. ಒಂದು ಮಧ್ಯಾಹ್ನ ಆಜಿ ಮಲಗಿದಲ್ಲೇ, "ಕಾಲ್‌ಪಾಸೂನ್ ದುಖ್ತಯ್" ಎಂದು ನರಳಿದರು.

"ಕಾಲು ನೋಯಾಕತ್ತಾವಂತ" ಎಂದೆ ಹೆಮ್ಮೆಯಿಂದ.

ಅವ್ವ ಎಣ್ಣೆ ಕಾಯಿಸಿ ಕಾಲು ತಿಕ್ಕಿದಳು. ಆಜಿ ಅವಳ ಕೈ ಎಳೆದು ಎದೆಗೆ ಒತ್ತಿಕೊಂಡರು. "ಎಷ್ಟ ಜೀವಾ ಮಾಡ್ತಾರ ನೋಡು" ಎಂದು ಅವ್ವ ಕಣ್ಣೊರೆಸಿಕೊಂಡು ಮತ್ತೆ ಕಾಲು ತಿಕ್ಕಿದಳು. ಸಂಜೆಯೊಳಗೆ ಆಜಿ ತೀರಿಕೊಂಡರು.

ಉದ್ಯಮಬಾಗದ ಕಾರ್ಖಾನೆಯಿಂದ ಓಡಿಬಂದ ಆಜಿಯ ಮಗ ಎಲ್ಲ ಕೇಳಿ, "ಕಾಲ್ ಅಂದ್ರ ನಿನ್ನಿ ರೀ, ಅಕ್ಕಾರ. ನಿನ್ನಿಯಿಂದ ನೋಯಾಕತ್ತೇತಿ ಅಂದಾಳ" ಎಂದ.

ಅವ್ವ ನನ್ನನ್ನು ಬೈಯಲಿಲ್ಲ. ಯಾರು ಏನಂದರೆಂದು ಮುಂದೆಂದೂ ನನ್ನನ್ನು ಕೇಳಲೂ ಇಲ್ಲ.

ಈಗ ಮರಾಠಿ ಸರಾಗವಾಗಿ ಮಾತಾಡುತ್ತೇನೆ. ಅದರಿಂದ ಯಾರಿಗೂ ಏನೂ ಆಗಬೇಕಿಲ್ಲ.