ಮಾಧವಣ್ಣನ ಎಡಗಡೆ

ಮಾಧವಣ್ಣ ಬಗ್ಗದೆ ಸಾರು ಬಡಿಸುತ್ತಿದ್ದರು. ಪಂಕ್ತಿಯುದ್ದಕ್ಕೂ ನೆಟ್ಟಗೆ ನಡೆಯುತ್ತ, ಸೊಂಟದೆತ್ತರದಿಂದ ಸೌಟು ವಾಲಿಸಿದರೆ ಅನ್ನದ ನಡುವಿನ ಕುಳಿಗೇ ಸಾರು ಬಂದು ಬೀಳುತ್ತಿತ್ತು. ಒಂದು ಹನಿ ಆಚೀಚೆ ಹೋದದ್ದನ್ನು ನಾನು ಕಂಡಿಲ್ಲ. ಹೊಸಬರು ಯಾರಾದರೂ ಹೆದರಿ ಸೆರಗು ಎಳೆದುಕೊಂಡರೆ, "ನಂಗೆ ಕಣ್ಣುಂಟು ಮಾರಾಯ್ತಿ" ಎನ್ನುತ್ತ ಮುಂದಿನ ಎಲೆಗೆ ಹೋಗಿಬಿಡುತ್ತಿದ್ದರು.

ನೆರೂಳಿನ ನಮ್ಮ ಕಟ್ಟಡದಲ್ಲಿ ಅವರದು ಎದುರುಮನೆ. ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಈ ಕಡೆ ಬಂದು, ಡೊಂಬಿವಲಿಯ ಹೋಟೆಲೊಂದರಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ ಮ್ಯಾನೇಜರ್ ಆಗಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಸುಮತಿಯಕ್ಕ ಹತ್ತು ಮಾತಿಗೆ ಒಂದು ಮಾತಾಡುವ ಹೆಂಗಸು. ಉಳಿದ ಒಂಬತ್ತನ್ನೂ ಮಾಧವಣ್ಣ ಆಡುತ್ತಿದ್ದರು. ಕಟ್ಟಡದ ಸೊಸೈಟಿಯಲ್ಲಿ ಯಾವ ಪೂಜೆಯಾದರೂ ಊಟದ ಉಸ್ತುವಾರಿ ಅವರದೇ. ಮರಾಠಿಯವರಿಗೆ ಮರಾಠಿಯಲ್ಲಿ, ಗುಜರಾತಿಯವರಿಗೆ ಹಿಂದಿಯಲ್ಲಿ, ನಮಗೆ ಕನ್ನಡದಲ್ಲಿ ಬೈದು ಕೆಲಸ ಮಾಡಿಸುತ್ತಿದ್ದರು.

ಬಡಿಸುವಾಗ ಹೀಗಾದರೆ ಉಣ್ಣಲು ಕುಳಿತಾಗ ಇನ್ನೂ ಕಷ್ಟ. ಎಲೆಯ ಕುಡಿ ಎಡಕ್ಕಿರಬೇಕು, ಆ ತುದಿಗೆ ಮೊದಲು ಉಪ್ಪು ಬೀಳಬೇಕು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ. ಒಮ್ಮೆ ಸತ್ಯನಾರಾಯಣ ಪೂಜೆಯಲ್ಲಿ ಚೇರ್ಮನ್ನರ ಅಳಿಯ ಉತ್ಸಾಹದಿಂದ ಬಡಿಸಲು ನಿಂತು ಉಪ್ಪನ್ನು ಬಲಗಡೆ ಪಾಯಸದ ಜಾಗಕ್ಕೆ ಹಾಕಿದ. ಮಾಧವಣ್ಣ ಎದ್ದರು, ಒಳಗಿಂದ ಹೊಸ ಎಲೆ ತಂದು ಹಾಸಿಕೊಂಡರು, ನೀರು ಚಿಮುಕಿಸಿ ಕೈಕಟ್ಟಿ ಕುಳಿತರು. "ಈಗ ಶುರುವಿಂದ ಬನ್ನಿ" ಎಂದರು. ಆ ಅಳಿಯ ಮತ್ತೆ ಸೌಟು ಮುಟ್ಟಲಿಲ್ಲ.

ನನ್ನ ಮಗಳು ತನ್ವಿಗೆ ಅವರು ಅಜ್ಜ. ನನ್ನ ಗಂಡನ ಕೆಲಸ ಠಾಣೆಯಲ್ಲಿ, ನನ್ನದು ಬೇಲಾಪುರದಲ್ಲಿ. ಬೆಳಿಗ್ಗೆ ಇಬ್ಬರೂ ಓಡುವವರೇ. ಶಾಲೆ ಸೀವುಡ್ಸಿನಲ್ಲಿ. ಆಟೋ ಗೊತ್ತುಮಾಡುತ್ತೇನೆ ಎಂದಾಗ ಮಾಧವಣ್ಣ ಸಿಟ್ಟಾದರು. "ಮಗುವನ್ನು ಆಟೋದವನ ಕೈಗೆ ಕೊಡುವುದಾ? ನಾನೆಂತ ಸತ್ತಿದ್ದೇನಾ?" ಅಂದಿನಿಂದ ಅವರ ಸ್ಕೂಟರಿನ ಹಿಂದಿನ ಸೀಟು ತನ್ವಿಯದಾಯಿತು. ಅವರು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು, ಹೀಗೇ ಜಗಳವಾಡುತ್ತ ಹೋಗುತ್ತಿದ್ದರು. ನನಗೆ ಹೆತ್ತ ಅಪ್ಪನ ಮೇಲೂ ಅಷ್ಟು ಭರವಸೆ ಇರಲಿಲ್ಲ.

ಒಂದು ಮಳೆಗಾಲದಲ್ಲಿ ಮಾಧವಣ್ಣ ತಮ್ಮನನ್ನು ನೋಡಲು ಕಲ್ಯಾಣಕ್ಕೆ ಹೋದವರು ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಹಿಂದಲೆಗೆ ಪೆಟ್ಟು. ಅಲ್ಲೇ ಆಸ್ಪತ್ರೆಯಲ್ಲಿದ್ದು, ತಮ್ಮನ ಮನೆಯಲ್ಲಿ ಸುಧಾರಿಸಿಕೊಂಡು, ದೀಪಾವಳಿಯ ಹೊತ್ತಿಗೆ ಮರಳಿದರು. ಸ್ವಲ್ಪ ಸೊರಗಿದ್ದರು, ಅಷ್ಟೇ. "ಕಣ್ಣಿನ ಡಾಕ್ಟ್ರು ಬೋರ್ಡಿನ ಕೊನೇ ಸಾಲು ಓದಿಸಿದ್ರು. ಫಸ್ಟ್ ಕ್ಲಾಸ್" ಎಂದು ತಾವಾಗಿಯೇ ಹೇಳಿದರು. ಕಣ್ಣಿನ ವಿಷಯ ನಾವು ಯಾರೂ ಕೇಳಿರಲೇ ಇಲ್ಲ.

ಆಮೇಲೆ ಅವರು ಬಡಿಸುವುದನ್ನು ಬಿಟ್ಟರು. ಇನ್ನು ಚಿಕ್ಕವರು ಬಡಿಸಲಿ, ನಾನು ಉಣ್ಣುತ್ತೇನೆ ಎಂದರು. ಪಂಕ್ತಿಯ ಎಡತುದಿಯನ್ನೇ ಹುಡುಕಿ ಕೂರುತ್ತಿದ್ದರು. ಊಟದ ಅರ್ಧದಲ್ಲಿ, "ಉಪ್ಪಿನಕಾಯಿ ಯಾರು ಹಾಕುವುದು? ಕೋಸಂಬರಿ ಊರಿಗೆ ಹೋಗಿದೆಯಾ?" ಎಂದು ಗದ್ದಲ ಎಬ್ಬಿಸುತ್ತಿದ್ದರು. ಎರಡೂ ಎಲೆಯ ಎಡತುದಿಯಲ್ಲಿ ಹಾಕಿದ ಹಾಗೇ ಇರುತ್ತಿದ್ದವು. ನಾವು ನಗುತ್ತಿದ್ದೆವು. ಅವರು ಕೊಂಕು ತೆಗೆಯದ ಊಟ ಯಾವುದಿತ್ತು? ಇದೂ ಅವರ ಹಳೇ ಕೀಟಲೆ ಎಂದುಕೊಂಡು ಇನ್ನೊಮ್ಮೆ ಬಡಿಸುತ್ತಿದ್ದೆವು. ಸಾಯಂಕಾಲ ವಾಕಿಂಗ್ ಹೋಗುವಾಗ, ಯಾವತ್ತೂ ಹಿಂದೆ ನಡೆಯುತ್ತಿದ್ದ ಸುಮತಿಯಕ್ಕ ಈಗ ಅವರ ಎಡಗೈ ಹಿಡಿದು ಜೊತೆಯಲ್ಲೇ ನಡೆಯುತ್ತಿದ್ದರು. "ಈಗ ಪ್ರೀತಿ ಜಾಸ್ತಿಯಾಗಿದೆ" ಎಂದು ನಾನು ಚುಡಾಯಿಸಿದೆ. ಅಕ್ಕ ನಗಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

ಸ್ಕೂಟರ್ ಮತ್ತೆ ಹೊರಟಿತು. ಸುಮತಿಯಕ್ಕ ಬಾಲ್ಕನಿಯಿಂದ ಕೈ ಬೀಸಿ ಕಳಿಸುತ್ತಿದ್ದರು.

ಆಫೀಸಿಗೆ ಫೋನ್ ಬಂದಾಗ ಬೆಳಗಿನ ಚಹಾ ಇನ್ನೂ ಮೇಜಿನ ಮೇಲಿತ್ತು. ಶಾಲೆಯ ತಿರುವಿನಲ್ಲಿ ಎಡಗಡೆಯಿಂದ ಬಂದ ಆಟೋಕ್ಕೆ ಸ್ಕೂಟರ್ ನೇರ ಹೋಗಿ ಹೊಡೆದಿತ್ತು. ಹೆಲ್ಮೆಟ್ ಇದ್ದದ್ದರಿಂದ ತನ್ವಿಯ ತಲೆ ಉಳಿಯಿತು. ಎಡಗಾಲಿನ ಮೂಳೆ ಮುರಿದಿತ್ತು. ಮಾಧವಣ್ಣನಿಗೆ ಮೊಣಕೈ ತರಚಿತ್ತು. ತಾನು ಎದುರಿಗೇ ಇದ್ದರೂ ಇವರು ನೋಡಲೇ ಇಲ್ಲವೆಂದು ಆಟೋದವನು ಮಾತ್ರ ಒಂದೇ ಮಾತು ಹೇಳುತ್ತಿದ್ದ: "ಮೈ ಸಾಮ್ನೆ ಥಾ. ಇನ್ಹೋನೇ ದೇಖಾ ಹೀ ನಹೀ."

ಆಸ್ಪತ್ರೆಯ ಡಾಕ್ಟರ್ ಚಿಕ್ಕ ಹುಡುಗಿ. ಮಾಧವಣ್ಣನನ್ನು ಎದುರು ಕೂರಿಸಿ, ನನ್ನ ಮೂಗನ್ನೇ ನೋಡಿ ಎಂದು ಎರಡೂ ಕೈ ಅಗಲಿಸಿ ಬೆರಳು ಆಡಿಸಿದಳು. ಯಾವ ಕಡೆ ಆಡುತ್ತಿದೆ ಎಂದು ಕೇಳಿದಳು. ಅವರು ಬಲಗಡೆ ಎಂದರು. ಅವಳು ಅವರ ಎಡಗಡೆಯ ಬೆರಳನ್ನಷ್ಟೇ ಆಡಿಸಿದಾಗ, "ಎಂತದೂ ಆಡುದಿಲ್ಲವಲ್ಲ" ಎಂದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಣ್ಣೆರಡೂ ಚೆನ್ನಾಗಿವೆ, ಆದರೆ ಎಡಗಡೆಯ ನೋಟವನ್ನು ಗ್ರಹಿಸುವ ಮಿದುಳಿನ ಭಾಗ ಪೆಟ್ಟಿನಿಂದ ಹೋಗಿದೆ, ಯಾವ ಕಣ್ಣಿಂದ ನೋಡಿದರೂ ಆ ಅರ್ಧ ಕಾಣುವುದಿಲ್ಲ ಎಂದು ಅವಳು ವಿವರಿಸಿದಳು. ಅಲ್ಲಿ ಕತ್ತಲೆಯೂ ಇರುವುದಿಲ್ಲವಂತೆ. ಕಾಣದಿರುವುದೇ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲವಂತೆ.

ಆಗ ಸುಮತಿಯಕ್ಕ ಗೋಡೆಗೆ ಒರಗಿ ಅಳತೊಡಗಿದರು. "ಕಲ್ಯಾಣದ ಡಾಕ್ಟ್ರು ಗಾಡಿ ಓಡಿಸ್ಲೇಬಾರ್ದು ಅಂತ ಹೇಳಿದ್ರು. ನಾನೆಂತ ಮಾಡ್ಲಿ, ಇವ್ರು ಕೇಳುವ ಜನವಾ?"

ನನಗೆ ಹೇಳಬಹುದಿತ್ತು. ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಒಂದು ಕಾಲೊರಸು ಹಾಸುವಷ್ಟು ಜಾಗ. ಆದರೂ ಮಾಧವಣ್ಣನನ್ನು ಕ್ಷಮಿಸಲು ನಾನು ದಾರಿ ಹುಡುಕುತ್ತಲೇ ಇದ್ದೆ. ಕಾಣದಿರುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ, ಡಾಕ್ಟರ್ ಹೇಳಿದ್ದನ್ನು ಅವರು ನಂಬಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ಹಿಡಿದುಕೊಂಡೇ ಕೆಲವು ದಿನ ಕಳೆದೆ.

ಅದನ್ನೂ ಕಿತ್ತುಕೊಂಡವಳು ತನ್ವಿ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದವಳು ಬಿಕ್ಕುತ್ತಿದ್ದಳು. ನೋವಾ ಎಂದರೆ ಅಲ್ಲ ಎಂದಳು.

"ಮೇರೀ ಗಲ್ತೀ ಹೈ ಅಮ್ಮಾ. ಮೈನೇ ಲೆಫ್ಟ್ ನಹೀ ಬೋಲಾ."

ತಪ್ಪು ತನ್ನದೇ, ತಾನು ಲೆಫ್ಟ್ ಎನ್ನಲಿಲ್ಲ ಎನ್ನುತ್ತಿದ್ದಳು. ಬಿಡಿಸಿ ಬಿಡಿಸಿ ಕೇಳಿದೆ. ಅದೊಂದು ಆಟ. ಅಜ್ಜ ಕಲಿಸಿದ್ದು. ಬಲಗಡೆ ಅಜ್ಜನದು, ಎಡಗಡೆ ತನ್ವಿಯದು. ಎಡಕ್ಕೆ ಬಸ್ಸು, ಆಟೋ, ನಾಯಿ, ಏನೇ ಬಂದರೂ ಅವಳು ಲೆಫ್ಟ್ ಎಂದು ಕೂಗಬೇಕು. ಅಮ್ಮನಿಗೆ ಹೇಳಿದರೆ ಆಟ ಮುಗಿಯಿತು. ಆ ದಿನ ಯಾವುದಕ್ಕೋ ಅಜ್ಜನ ಮೇಲೆ ಮುನಿಸಿಕೊಂಡು ಅವಳು ಬಾಯಿ ಮುಚ್ಚಿ ಕುಳಿತಿದ್ದಳು.

ನಾನು ಎದ್ದು ಎದುರುಮನೆಗೆ ಹೋದೆ. ಮಾಧವಣ್ಣ ಪೇಪರ್ ಹಿಡಿದು ಕುಳಿತಿದ್ದರು.

"ನಿಮಗೆ ಗೊತ್ತಿತ್ತು" ಎಂದೆ.

ಅವರು ಪೇಪರ್ ಮಡಿಸಿದರು. "ಆಟೋದವ ಸೀದಾ ನುಗ್ಗಿದ್ದು ಮಾರಾಯ್ತಿ."

"ಗೊತ್ತಿಲ್ಲದವರು ಮಗುವಿಗೆ ಆ ಆಟ ಕಲಿಸ್ತಾರಾ?"

ಅವರು ಮಡಿಸಿದ ಪೇಪರನ್ನು ಇನ್ನೊಮ್ಮೆ ಮಡಿಸಿದರು. ಕೊನೆಗೆ, "ಗಾಡಿ ಬಿಟ್ರೆ ನನ್ನ ಹತ್ರ ಇನ್ನೆಂತ ಉಂಟು? ಅವಳು ಹಿಂದೆ ಕೂತ್ರೆ ಧೈರ್ಯ ಬರ್ತಿತ್ತು" ಎಂದರು.

ಕಾಲು ಮುರಿದದ್ದು ಕೂಡುತ್ತದೆ ಎಂದೆ. ಸ್ಕೂಟರಿನ ಮಾತು, ಪೊಲೀಸರ ಮಾತು ನನಗೆ ಬೇಡ ಎಂದೆ. ಒಂದೇ ಒಂದು ಕೇಳಿದೆ. "ತಪ್ಪು ಅವಳದಲ್ಲ ಅಂತ ನೀವೇ ಬಂದು ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಅವಳಿಗೆ ನೀವೇ ಹೇಳಬೇಕು."

"ಹೇಳ್ತೇನೆ" ಎಂದರು. ಆದರೆ ಬರಲಿಲ್ಲ. ಮನೆ ಬಾಡಿಗೆಗೆ ಕೊಟ್ಟು ಕಲ್ಯಾಣದ ತಮ್ಮನ ಬಳಿ ಹೋಗುತ್ತಾರೆಂದು ವಾಚ್‌ಮನ್ ಹೇಳಿದ. ಸಾಮಾನಿನ ಟೆಂಪೋ ಕೆಳಗೆ ನಿಂತ ದಿನ ನಮ್ಮ ಬೆಲ್ ಆಯಿತು. ಮಾಧವಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಎಡಭುಜ ನಮ್ಮ ಬಾಗಿಲ ಚೌಕಟ್ಟಿಗೆ ಬಡಿಯಿತು. ಸುಮತಿಯಕ್ಕ ಹಿಡಿದುಕೊಂಡರು. ನನ್ನ ಮನಸ್ಸು ಒಂದು ಗಳಿಗೆ ಕರಗಿದ್ದು ನಿಜ. ಬಂದರಲ್ಲ, ಅಷ್ಟು ಸಾಕು ಎನಿಸಿತು.

ತನ್ವಿಯ ಮಂಚದ ಬಳಿ ಕುರ್ಚಿ ಎಳೆದುಕೊಂಡು ಅವಳ ತಲೆ ಸವರಿದರು. ಅವಳು ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು.

"ಪುಟ್ಟಿ, ನೀನು ಬೇಜಾರು ಮಾಡ್ಬೇಡ" ಎಂದರು ಮಾಧವಣ್ಣ. "ಸಣ್ಣ ಮಕ್ಕಳು, ಒಂದೊಂದ್ಸಲ ಹಾಗೆ ಆಗ್ತದೆ. ಅಜ್ಜ ನಿನ್ನನ್ನು ಮಾಫ್ ಮಾಡಿ ಆಯ್ತು."

ಸುಮತಿಯಕ್ಕ ನೆಲ ನೋಡುತ್ತಿದ್ದರು. ಕೊಟ್ಟ ಮಾತು ನಡೆಸಿದವರ ಹಾಗೆ ಮಾಧವಣ್ಣ ನನ್ನತ್ತ ತಲೆಯಾಡಿಸಿ, ಹೆಂಡತಿಯ ಕೈ ಹಿಡಿದು ಲಿಫ್ಟಿನತ್ತ ನಡೆದರು.

ಹಬ್ಬಗಳಲ್ಲಿ ಕಲ್ಯಾಣದಿಂದ ಫೋನ್ ಬರುತ್ತದೆ. ನಾನು ಎತ್ತುವುದಿಲ್ಲ. ತನ್ವಿಯ ಕಾಲು ಸರಿಯಾಗಿದೆ, ಓಡುತ್ತಾಳೆ. ತಪ್ಪು ನಿನ್ನದಾಗಿರಲಿಲ್ಲ ಮಗಳೇ, ಅಜ್ಜನದು ಎಂದು ಎಷ್ಟೋ ಸಲ ಕೂರಿಸಿಕೊಂಡು ಹೇಳಿದ್ದೇನೆ. ಅವಳು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ನನ್ನನ್ನೇ ಸಮಾಧಾನ ಮಾಡುತ್ತಾಳೆ.

"ಟೆನ್ಶನ್ ಮತ್ ಲೋ ಅಮ್ಮಾ. ಅಜ್ಜ ನೇ ಮಾಫ್ ಕರ್ ದಿಯಾ ನಾ."