ನನ್ನ ಸೀಟಿನ ಹುಡುಗಿ

ಅಮೆರಿಕದಲ್ಲಿ ನನ್ನನ್ನು ಮೊದಲು ಅಪ್ಪಿಕೊಂಡ ಹೆಂಗಸಿನ ಹೆಸರು ನನಗೆ ಗೊತ್ತಿರಲಿಲ್ಲ. ಟೆಕ್ಸಸ್‌ನ ಆಸ್ಟಿನ್, ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣ, ಸೆಪ್ಟೆಂಬರಿನ ಉರಿಬಿಸಿಲು, ಸುತ್ತ ಲಕ್ಷ ಜನ, ಕಣ್ಣು ಹಾಯಿಸಿದಲ್ಲೆಲ್ಲ ಕಿತ್ತಳೆ ಬಣ್ಣದ ಅಂಗಿ. ನಾನು ಮೈಸೂರಿನವಳು, ಜಂಬೂಸವಾರಿಯ ನೂಕುನುಗ್ಗಲಿನಲ್ಲಿ ಬೆಳೆದವಳು, ಜನಜಂಗುಳಿ ಎಂದರೆ ಹೆದರುವುದಿಲ್ಲ. ಆದರೆ ಅಲ್ಲಿ ಜನ ಆನೆಗೆ ಕೈಮುಗಿಯುತ್ತಾರೆ. ಇಲ್ಲಿ ಹುಡುಗನೊಬ್ಬ ತೊಗಲಿನ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಗೆರೆ ದಾಟಿದ ಅಂತ ಲಕ್ಷ ಜನ ಎದ್ದು ನಿಂತು ಕಿರುಚಿದರು. ಪಕ್ಕದ ಬಿಳಿಗೂದಲಿನ ಹೆಂಗಸು ನನ್ನನ್ನು ಬಾಚಿ ತಬ್ಬಿಕೊಂಡು ನಿಂತಲ್ಲೇ ಕುಣಿಸಿಬಿಟ್ಟಳು. ಅವಳ ಬೆವರು ನನ್ನ ಕೆನ್ನೆಗೆ ಅಂಟಿತು. ಹೆಸರು ಕೇಳಿದ್ದು ಆಮೇಲೆ.

ಅವಳು ಪೆಗಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ನಮ್ಮ ಅಭ್ಯಾಸದಂತೆ ನಾನು "ಆಂಟಿ" ಎಂದೆ. "ನಿನಗೆ ಅತ್ತೆಯೋ ಚಿಕ್ಕಮ್ಮನೋ ಆಗುವ ಆಸೆ ನನಗಿಲ್ಲ ಹನಿ, ಪೆಗಿ ಅನ್ನು ಸಾಕು" ಎಂದಳು. ಹನಿ ಎಂದರೆ ಜೇನು, ಇಲ್ಲಿನವರ ಅಕ್ಕರೆಯ ಕರೆ. ತಾಯಿಯ ವಯಸ್ಸಿನವಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಊರಿನ ಓದುಗರು ಬೇಸರಿಸಬಾರದು. ಗೆಳತಿಗೆ ಬಹುವಚನ ಒಗ್ಗುವುದಿಲ್ಲ.

ಗೆಳತಿ ಎಂಬ ಪದ ನನಗೆ ಆಗ ತುಂಬ ದುಬಾರಿಯಾಗಿತ್ತು. ಗಂಡ ಶ್ರೀಧರನ ಕೆಲಸದ ಬೆನ್ನು ಹಿಡಿದು ಆಸ್ಟಿನ್ನಿಗೆ ಬಂದು, ಪರೀಕ್ಷೆ ಕಟ್ಟಿ ಪಾಸಾಗಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಹಿಡಿದಿದ್ದೆ. ಅಲ್ಲಿ ಎಲ್ಲರೂ "ಹೇಗಿದ್ದೀಯ" ಎಂದು ಕೇಳುತ್ತಿದ್ದರು. ನಾನು ನೆಗಡಿಯ ವಿಷಯ ಶುರುಮಾಡುವಷ್ಟರಲ್ಲಿ ಕೇಳಿದವರು ಮೂಲೆ ತಿರುಗಿರುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಸೀನು ಕೂಡ ಗೋಡೆ ದಾಟಿ ಕೇಳಿಸುತ್ತಿತ್ತು, ಸೀನಿದವರ ಮುಖ ಮಾತ್ರ ಕಾಣುತ್ತಿರಲಿಲ್ಲ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಹುಳಿ ಎಂದು ಗೇಟಿನ ಹೊರಗಿನಿಂದಲೇ ಹೇಳುತ್ತಿದ್ದವಳು ನಾನು.

ಹಾಗಾಗಿ ಸೀಸನ್ ಟಿಕೆಟ್ ನನ್ನ ಪಾಲಿಗೆ ದೊಡ್ಡ ವರವಾಯಿತು. ಸೀಸನ್ ಟಿಕೆಟ್ ಎಂದರೆ ಆ ವರ್ಷ ಊರಿನಲ್ಲಿ ನಡೆಯುವ ಅಷ್ಟೂ ಪಂದ್ಯಗಳಿಗೆ ಒಂದೇ ಜಾಗ. ವರ್ಷವರ್ಷ ಮುಂದುವರಿಸಿದರೆ ಅದೇ ಜಾಗ, ಅದೇ ನೆರೆಹೊರೆ. ಶ್ರೀಧರನ ಸಹೋದ್ಯೋಗಿಯೊಬ್ಬರು ಊರು ಬಿಡುವಾಗ ಒಂದರ ಹಿಂದೊಂದು ಸಾಲಿನ ಅವರ ಎರಡು ಸೀಟು ನಮಗೆ ಬಂದಿದ್ದವು. ಅಪಾರ್ಟ್‌ಮೆಂಟಿನ ನೆರೆಯವರು ಬಾಡಿಗೆ ಕರಾರು ಮುಗಿದೊಡನೆ ಮಾಯವಾಗುತ್ತಿದ್ದರು, ಸ್ಟೇಡಿಯಂನ ನೆರೆಯವರು ಕದಲುತ್ತಿರಲಿಲ್ಲ. ಪೆಗಿ ತನ್ನ ಮಡಿಲಲ್ಲಿ ಕಡಲೆಕಾಯಿ ಹರಡಿ, ಬೀಜ ನಮ್ಮವರು, ಸಿಪ್ಪೆ ಎದುರಾಳಿ ಎಂದು ಆಟ ಕಲಿಸಿದಳು. ಕಾಲಿಗೆ ಕೆಲಸವೇ ಇಲ್ಲದ ಈ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದರೆ "ಟೆಕ್ಸಸ್‌ನಲ್ಲಿ ಅಂಥ ಪ್ರಶ್ನೆ ಕೇಳಬಾರದು" ಎಂದಳು. ಪಂದ್ಯಕ್ಕೆ ಮೊದಲು ಕಾರಿನ ಹಿಂಬಾಗಿಲು ತೆರೆದು ಬಯಲಲ್ಲೇ ಅಡುಗೆ ಮಾಡಿ ಉಣ್ಣುವ ಪದ್ಧತಿಗೆ ಟೇಲ್‌ಗೇಟ್ ಅನ್ನುತ್ತಾರೆ. ಅಲ್ಲಿಗೆ ನಾನು ಪುಳಿಯೋಗರೆ ಒಯ್ದೆ. ಪೆಗಿ ಮೂಗು ಒರೆಸಿಕೊಳ್ಳುತ್ತ ಎರಡು ತಟ್ಟೆ ತಿಂದಳು. ಅಂದು ಮನೆಗೆ ಬಂದು, ನನಗೂ ಇಲ್ಲಿ ಒಬ್ಬರು ಸಿಕ್ಕರು ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ನಾಲ್ಕು ವರ್ಷ ಕಳೆದ ಮೇಲೆ ಶ್ರೀಧರನ ಆಫೀಸು ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ಗೆ ಬದಲಾಯಿತು, ನಾವು ಅಲ್ಲಿಗೆ ಹತ್ತಿರದ ಲೂಯಿಸ್‌ವಿಲ್‌ಗೆ ಶಿಫ್ಟ್ ಆದೆವು, ನಾನು ಅಲ್ಲಿನ ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಎರಡು ಸೀಟಿನಲ್ಲಿ ಅವನದನ್ನು ಬಿಟ್ಟೆವು. ಅವನಿಗೆ ಮೊದಲಿನಿಂದಲೂ ಕ್ರಿಕೆಟ್ಟೇ ದೇವರು. ನನ್ನದನ್ನು ಮಾತ್ರ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಎದ್ದು ಮೂರೂವರೆ ಗಂಟೆ ಡ್ರೈವ್ ಮಾಡಿ ಪೆಗಿಯ ಪಕ್ಕ ಕೂತು ಬರುತ್ತಿದ್ದೆ. "ಇಷ್ಟು ದೂರ ಹೋಗಿ ಬೇರೆಯವರ ಮಕ್ಕಳು ಗುದ್ದಾಡೋದು ನೋಡ್ತೀಯಲ್ಲ ವಸು" ಎಂದು ಶ್ರೀಧರ ನಗುತ್ತಿದ್ದ. ನಾನು ನೋಡಲು ಹೋಗುತ್ತಿದ್ದದ್ದು ಗುದ್ದಾಟವನ್ನಲ್ಲ ಎಂದು ಅವನಿಗೂ ಗೊತ್ತಿತ್ತು.

ಆ ವರ್ಷ ನವರಾತ್ರಿ ಬಂತು. ಹೂಸ್ಟನ್ ಬಳಿಯ ಸ್ಟಾಫರ್ಡ್‌ನಲ್ಲಿ ನನ್ನ ನಾದಿನಿ ಸವಿತಾ ಗೊಂಬೆ ಕೂರಿಸುತ್ತಾಳೆ. ಅವಳು ಅರಿಶಿನ ಕುಂಕುಮಕ್ಕೆ ಕರೆದ ಶನಿವಾರವೇ ಪಂದ್ಯ. "ಅತ್ತಿಗೆ, ವರ್ಷಕ್ಕೊಂದು ಸಲ ಕರೀತೀನಿ, ಚೆಂಡಾಟ ಅಂತ ತಪ್ಪಿಸ್ಕೊಂಡ್ರೆ ಮಾತಾಡ್ಸಲ್ಲ ನೋಡಿ" ಎಂದಳು. ಹೋಗಲೇಬೇಕಾಯಿತು. ಇಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಬರಲಾಗದವರು ತಮ್ಮ ಟಿಕೆಟನ್ನು ಒಂದು ಬಟನ್ ಒತ್ತಿ ದಾನ ಮಾಡಿದರೆ, ಅದು ಊರಿನ ಮಕ್ಕಳ ಸಂಘಗಳಿಗೆ ಹೋಗುತ್ತದೆ. ಸ್ಟೇಡಿಯಂನ ಸದ್ದು ಮನೆಗೆ ಕೇಳಿದರೂ ಒಳಗೆ ಕಾಲಿಡಲಾಗದ ಮಕ್ಕಳು ಬಂದು ಆಟ ನೋಡುತ್ತಾರೆ. ಹಬ್ಬದ ದಿನ, ಪುಣ್ಯದ ಕೆಲಸ. ದಾನ ಕೊಡುವಾಗ ನಮ್ಮಲ್ಲಿ "ನ ಮಮ" ಅನ್ನುತ್ತಾರಲ್ಲ, ಇದು ನನ್ನದಲ್ಲ ಅಂತ, ಅದನ್ನೂ ಹೇಳಿಯೇ ಬಟನ್ ಒತ್ತಿದೆ.

ಸವಿತಾಳ ಮನೆಯಲ್ಲಿ ಪಟ್ಟದ ಗೊಂಬೆಗೆ ಆರತಿ ಎತ್ತಿ ಕೋಸಂಬರಿ ತಿನ್ನುತ್ತಿದ್ದಾಗ ಪೆಗಿಯಿಂದ ಫೋಟೋ ಬಂತು. ನನ್ನ ಜಾಗದಲ್ಲಿ ಹದಿನಾಲ್ಕರ ಒಂದು ಹುಡುಗಿ, ಎರಡು ಜಡೆ, ಹಲ್ಲಿಗೆ ತಂತಿ. ಪೆಗಿ ಅವಳ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದಾಳೆ. ಹುಡುಗಿಯ ಮಡಿಲಲ್ಲಿ ಕಡಲೆಕಾಯಿ. ನೋಡಿ, ನನಗೆ ಆದದ್ದನ್ನು ಸುತ್ತಿಬಳಸಿ ಹೇಳುವುದಿಲ್ಲ. ಹೊಟ್ಟೆಗೆ ಬೆಂಕಿ ಬಿತ್ತು. ಮನೆಗೆ ಸವತಿ ಬಂದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಕೋಸಂಬರಿ ಬಾಯಲ್ಲಿ ಹಾಗೇ ನಿಂತಿತು.

ಅದೇ ವಾರ ಅಮ್ಮನ ಫೋನು. ನಾನು ಓದಿ ಬೆಳೆದ ಕೋಣೆಯನ್ನು ಅಮ್ಮ ಹಾಸನದ ಕಾಲೇಜು ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದಳು. ಸಿಂಧು ಅಂತ. ಸಿಂಧು ಜೊತೆ ದಸರಾ ವಸ್ತುಪ್ರದರ್ಶನಕ್ಕೆ ಹೋದೆ, ಸಿಂಧುಗೆ ನನ್ನ ಕೈ ಬಿಸಿಬೇಳೆಬಾತ್ ಅಂದ್ರೆ ಪ್ರಾಣ, ಸಿಂಧು ಹಾಗೆ, ಸಿಂಧು ಹೀಗೆ.

"ನನ್ನ ಮಂಚದ ಮೇಲೇ ಮಲಗ್ತಾಳಾ?" ಎಂದೆ.

"ಮತ್ತೆ ನೆಲದ ಮೇಲೆ ಮಲಗ್ಲಾ? ನೀನು ಎರಡು ವರ್ಷಕ್ಕೊಂದು ಸಲ ಬರ್ತೀಯ ಅಂತ ಆ ಮಂಚಕ್ಕೆ ಹೂವಿಟ್ಟು ಪೂಜೆ ಮಾಡ್ಕೊಂಡು ಕೂತಿರ್ಲಾ?" ಎಂದು ಅಮ್ಮ ನಕ್ಕಳು. ಅಮ್ಮನ ನಗು ಕೇಳಿ ಖುಷಿಯಾಗಬೇಕಿತ್ತು. ಸಿಂಧುವನ್ನು ಕಂಡರಾಗದು ಎಂದು ಆವತ್ತೇ ತೀರ್ಮಾನಿಸಿದೆ, ಅವಳನ್ನು ಇನ್ನೂ ಕಂಡೇ ಇರಲಿಲ್ಲ.

ಮುಂದಿನ ಪಂದ್ಯಕ್ಕೆ ನಾನೇ ಹೋದೆ. ಪೆಗಿ ಎಂದಿನಂತೆ ಅಪ್ಪಿಕೊಂಡಳು, ಕೂತಳು, ಶುರುಮಾಡಿದಳು. ಹುಡುಗಿಯ ಹೆಸರು ಮಾರಿಸೋಲ್. ಹೆಸರಲ್ಲೇ ಮಾರಿ ಇದ್ದಾಳೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಶಾಲೆಯ ಬ್ಯಾಂಡಿನಲ್ಲಿ ಕಹಳೆ ಊದುತ್ತಾಳಂತೆ. ಹೆದ್ದಾರಿಯ ಪೂರ್ವಕ್ಕೆ, ನಡೆದು ಬರುವಷ್ಟು ಹತ್ತಿರದಲ್ಲಿ ಮನೆಯಂತೆ, ಆದರೂ ಹುಟ್ಟಿದ ಮೇಲೆ ಒಳಗೆ ಬಂದದ್ದು ಇದೇ ಮೊದಲಂತೆ. ಆಟದ ನಡುವಿನ ವಿರಾಮದಲ್ಲಿ ವಿಶ್ವವಿದ್ಯಾಲಯದ ಬ್ಯಾಂಡು ಮೈದಾನಕ್ಕೆ ಇಳಿದಾಗ ಎದ್ದು ನಿಂತವಳು ಕೂರಲೇ ಇಲ್ಲವಂತೆ. ಆ ಹೊತ್ತಿಗೆ ನಾನು ಪ್ರತಿಸಲ ಬಾತ್‌ರೂಮಿನ ಸಾಲಿನಲ್ಲಿ ನಿಂತಿರುತ್ತಿದ್ದೆ.

"ಹನಿ, ನಿನಗೆ ಇನ್ನೊಮ್ಮೆ ಬರಲಾಗದಿದ್ದರೆ ಹೇಳು. ಅವಳನ್ನೇ ಕಳಿಸಿ ಅಂತ ಸಂಘದವರಿಗೆ ನಾನು ಫೋನ್ ಮಾಡುತ್ತೇನೆ" ಎಂದಳು ಪೆಗಿ. ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ನವೆಂಬರಿನಲ್ಲಿ ಒಂದು ಶನಿವಾರ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಹಲ್ಲು ಕಚ್ಚಿಕೊಂಡು ಮತ್ತೆ ಬಟನ್ ಒತ್ತಿದೆ. ಈ ಸಲ "ನ ಮಮ" ಅನ್ನಲು ಮರೆತೆ, ಅಥವಾ ನಾಲಿಗೆ ಹೊರಳಲಿಲ್ಲ. ಶುಕ್ರವಾರ ಸಂಜೆ ಮೇಲ್ವಿಚಾರಕಿ ಬಂದು ಡ್ಯೂಟಿ ಬದಲಾಗಿದೆ, ನಾಳೆ ನಿನಗೆ ರಜ ಎಂದಳು.

"ಫೋನ್ ಮಾಡಿ ಟಿಕೆಟ್ ವಾಪಸ್ ಕೇಳು" ಎಂದ ಶ್ರೀಧರ.

"ಕೊಟ್ಟಿದ್ದನ್ನ ವಾಪಸ್ ಕೇಳೋದಾ? ನಮ್ಮ ವಂಶದಲ್ಲೇ ಯಾರೂ ಕೇಳಿಲ್ಲ."

"ಹಾಗಾದ್ರೆ ಮನೇಲಿರು. ಕೈಯಾರೆ ದಾನ ಕೊಟ್ಟು ಹೊಟ್ಟೆ ಉರ್ಕೊಳ್ಳೋದು ನಿನ್ನೊಬ್ಬಳಿಗೇ ಸಾಧ್ಯ ಕಣೆ."

ಮನೆಯಲ್ಲಿರಲು ಆಗಲಿಲ್ಲ. ಕಟ್ಟಕಡೆಯ ಮೇಲಂತಸ್ತಿನಲ್ಲಿ ಒಂದು ಟಿಕೆಟ್ ಕೊಂಡು, ಶ್ರೀಧರನ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟೆ. ಅಲ್ಲಿ ಗಾಳಿ ಎಷ್ಟೆಂದರೆ ಓಲೆಯೂ ಅಲುಗುತ್ತಿತ್ತು. ಸುತ್ತಲಿನವರೆಲ್ಲ ಚೆಂಡು ನೋಡುತ್ತಿದ್ದರೆ ನಾನು ಬೈನಾಕ್ಯುಲರನ್ನು ಕೆಳಗಿನ ಜನರತ್ತ ತಿರುಗಿಸಿ ನನ್ನ ಸೀಟು ನೋಡುತ್ತ ಕೂತೆ. ಪಕ್ಕದ ಮನುಷ್ಯ, "ಮ್ಯಾಮ್, ಚೆಂಡು ಆ ಕಡೆ ಇದೆ" ಎಂದು ವಿನಯದಿಂದ ತೋರಿಸಿಕೊಟ್ಟ. ಪೆಗಿ ಹುಡುಗಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಹುಡುಗಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅದೇನು ಮಾತೆಂದು ತಿಳಿಯದೆ ನನಗೆ ತಡೆಯಲಾಗಲಿಲ್ಲ. ಎದ್ದು ಕೆಳಗಿಳಿದೆ.

ನಮ್ಮ ಸೆಕ್ಷನ್ನಿನ ಬಾಗಿಲಲ್ಲಿ ಟಿಕೆಟ್ ನೋಡುವ ಮುದುಕನಿದ್ದ. ವರ್ಷಗಟ್ಟಲೆ ನನಗೆ "ಹೌಡಿ" ಎಂದು ಇಲ್ಲಿನ ನಮಸ್ಕಾರ ಹೇಳಿದವನು ಈಗ ನನ್ನ ಕೈಯ ಟಿಕೆಟ್ ನೋಡಿ ತಲೆಯಾಡಿಸಿದ. "ಇದು ಮೇಲಿನದು ಮ್ಯಾಮ್." ಅದೋ ಅಲ್ಲಿ ಕಾಣುತ್ತಿರುವುದೇ ನನ್ನ ಸೀಟು ಎಂದೆ. "ಇವತ್ತು ಅಲ್ಲ ಮ್ಯಾಮ್" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕಣ್ಣಲ್ಲಿ ಮಾತ್ರ ನೀರು ಬಂದುಬಿಟ್ಟಿತು.

ಅಷ್ಟರಲ್ಲಿ ಹುಡುಗಿಯೇ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ಖಾಲಿ ನೀರಿನ ಬಾಟಲಿ. ನನ್ನನ್ನು ನೋಡಿ ನಿಂತಳು. "ನೀವು ವಸು ಅಲ್ಲವಾ? ಮಿಸ್ ಪೆಗಿಯ ಫೋನಿನಲ್ಲಿ ನಿಮ್ಮ ಫೋಟೋ ಇದೆ. ಅವರು ನಿಮ್ಮ ಬಗ್ಗೆಯೇ ಮಾತಾಡುತ್ತಾರೆ. ನೀವು ರೆಫರಿಗೆ ನಿಮ್ಮ ಭಾಷೆಯಲ್ಲಿ ಬಯ್ಯುತ್ತೀರಂತೆ, ಅದನ್ನೇ ಮಾಡಿ ತೋರಿಸುತ್ತಿದ್ದರು."

ಇಷ್ಟು ಹೊತ್ತು ಮೇಲೆ ಕೂತು ನಾನು ಹೊಟ್ಟೆ ಉರಿದುಕೊಂಡದ್ದು ನನ್ನದೇ ಕಥೆಗೆ. ನಾಚಿಕೆಯಾಯಿತು. ಆದರೂ ಉರಿ ಪೂರ್ತಿ ಆರಲಿಲ್ಲ. ನನ್ನ ಬಯ್ಗುಳವನ್ನು ಪೆಗಿ ನನಗೆ ಒಮ್ಮೆಯೂ ಮಾಡಿ ತೋರಿಸಿರಲಿಲ್ಲ.

ಹುಡುಗಿ ಹೋಗಿ ಪೆಗಿಯನ್ನು ಕರೆತಂದಳು. ಪೆಗಿ ಮುದುಕನ ತೋಳು ಹಿಡಿದು, "ಇವಳು ನಮ್ಮವಳು, ನಾವು ಸರಿದು ಕೂರುತ್ತೇವೆ" ಎಂದಳು. ಅವನು ಆಕಾಶ ನೋಡಿದ. ಅದೇ ಅನುಮತಿ ಎಂದುಕೊಂಡು ನಾವು ಇಳಿದೆವು.

ಅಲ್ಲಿ ಸೀಟು ಎಂದರೆ ಕುರ್ಚಿಯಲ್ಲ. ಉದ್ದನೆಯ ಅಲ್ಯೂಮಿನಿಯಂ ಬೆಂಚು, ಅದರ ಮೇಲೆ ಗೆರೆ, ಗೆರೆಗಳ ನಡುವೆ ನಂಬರು. ಮೈಸೂರಿನ ಸಿಟಿ ಬಸ್ಸಿನಲ್ಲಿ ಇಬ್ಬರ ಜಾಗದಲ್ಲಿ ಮೂವರು ಕೂರುವುದು ನಮಗೆ ಸಹಜ. ಈ ದೇಶದಲ್ಲಿ ಅದನ್ನು ನಾನು ಕಂಡದ್ದು ಆವತ್ತೇ. ಆಚೆ ತುದಿಗೆ ಪೆಗಿ, ನಡುವೆ ಮಾರಿಸೋಲ್, ಈಚೆಗೆ ನಾನು. ನನ್ನ ನಂಬರಿನ ಮೇಲೆ ನನಗೆ ಸಿಕ್ಕಿದ್ದು ಅರ್ಧ, ಉಳಿದರ್ಧ ಮೈ ಮೆಟ್ಟಿಲ ಕಡೆ ಗಾಳಿಯಲ್ಲಿತ್ತು. ಹುಡುಗಿಯ ತಲೆಯ ಮೇಲಿಂದ ಪೆಗಿಯ ಜೊತೆ ಮಾತಾಡಿದೆ. ವಿರಾಮದಲ್ಲಿ ಬ್ಯಾಂಡು ಬಂದಾಗ ಈ ಸಲ ನಾನು ಬಾತ್‌ರೂಮಿಗೆ ಎದ್ದು ಹೋಗಲಿಲ್ಲ. ಹುಡುಗಿಯ ಬೆರಳುಗಳು ಅವಳ ಮೊಣಕಾಲ ಮೇಲೆ ಕಹಳೆಯ ಗುಂಡಿ ಒತ್ತಿದಂತೆ ಆಡುತ್ತಿದ್ದವು, ತುಟಿ ಬಿಗಿದಿತ್ತು. ಅಷ್ಟು ಆಸೆಯಿಂದ ನಾನು ಆ ಮೈದಾನವನ್ನು ಯಾವತ್ತೂ ನೋಡಿರಲಿಲ್ಲ.

ಪಂದ್ಯ ಮುಗಿಯುವ ಹೊತ್ತಿಗೆ ಪೆಗಿ ನನ್ನ ಕಡೆ ಬಗ್ಗಿ ಕೇಳಿದಳು. "ಈ ವರ್ಷಕ್ಕೆ ಇನ್ನೊಂದೇ ಪಂದ್ಯ ಉಳಿದಿದೆ ಹನಿ. ನೀನು ಬರುತ್ತೀಯೋ, ಇವಳು ಬರಲೋ?"

ಹುಡುಗಿ ಮೈದಾನವನ್ನೇ ನೋಡುತ್ತಿದ್ದಳು. ಮೊಣಕಾಲ ಮೇಲಿನ ಬೆರಳುಗಳು ನಿಂತವು.

ಆ ಶನಿವಾರ ನನಗೆ ಡ್ಯೂಟಿಯಿರಲಿಲ್ಲ, ಹಬ್ಬವಿರಲಿಲ್ಲ. ಅವಳು ಬರಲಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಳ್ಳೆಯ ಮಾತು, ಆಡಿದ್ದರೆ ಈ ಬರಹವೂ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಎರಡು ದೇಶಗಳಲ್ಲಿ ಹುಡುಕಿದರೂ ನನ್ನದು ಎಂದು ಹಠ ಹಿಡಿಯಲು ನನಗೆ ಆಗ ಉಳಿದಿದ್ದದ್ದು ಈ ಬೆಂಚಿನ ಒಂದು ನಂಬರು.

"ನಾನೇ ಬರ್ತೀನಿ" ಎಂದೆ. ಕನ್ನಡದಲ್ಲೇ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

"ಯೆಸ್ ಮ್ಯಾಮ್" ಎಂದಳು ಮಾರಿಸೋಲ್, ಯಾರೂ ಅವಳನ್ನು ಕೇಳದಿದ್ದರೂ. ನನಗೆ ಸರಿಯಾಗಿ ಕೂರಲು ಜಾಗವಾಗಲೆಂದು ಅವಳು ಇನ್ನಷ್ಟು ಸರಿದು ಪೆಗಿಗೆ ಒತ್ತಿಕೊಂಡು ಕೂತಳು.